ಕುಂಕುಮದಡಿಯ ಅಕ್ಷರ

ಶಾಮಣ್ಣ ಮೇಷ್ಟ್ರು ಸುನಿತಾಳನ್ನು ಮೊದಲು ಕಂಡ ದಿನ, ಆಕೆ ಅರಕೆರೆ ಬಳಿಯ ಹಾಲಿನ ಡೈರಿಯೊಂದರಲ್ಲಿ ಮಂಡಿಯೂರಿ, ಕಂಪ್ಯೂಟರ್ ಡಬ್ಬದ ಪಕ್ಕೆಗೆ ಮೂಗು ತಾಗಿಸಿಕೊಂಡು ಕುಳಿತಿದ್ದಳು. ನಿವೃತ್ತರಾದ ಮೇಷ್ಟ್ರು ದಿನವೂ ಅಲ್ಲಿಗೆ ಪತ್ರಿಕೆ ಓದಲು ಬರುತ್ತಿದ್ದರು.

ಕೆಟ್ಟ ಡಿಸ್ಕನ್ನು ತೆಗೆದು ಹೊಸದಕ್ಕೆ ವಿಂಡೋಸ್ ಹಾಕುತ್ತಿದ್ದ ಸುನಿತಾಗೆ, ಡಬ್ಬದ ಪಕ್ಕೆಗಂಟಿದ ಚೀಟಿಯಲ್ಲಿದ್ದ ಇಪ್ಪತ್ತೈದು ಅಕ್ಷರಗಳ ಪರವಾನಗಿ ಕೀ ಬೇಕಾಗಿತ್ತು. ಇಪ್ಪತ್ತನಾಲ್ಕು ಕಾಣುತ್ತಿದ್ದವು. ಕೊನೆಯದು ಕುಂಕುಮ ಮೆತ್ತಿ ಅಳಿಸಿಹೋಗಿತ್ತು. ಅಂದಾಜಿನಲ್ಲಿ ಒತ್ತಿದರೆ, ಕೀ ಸರಿಯಿಲ್ಲವೆಂದು ಪರದೆ ಮೂತಿ ತಿರುವುತ್ತಿತ್ತು.

“ಸಂಜೆ ಹಾಲ್ ಬರೋದ್ರೊಳಗೆ ಆದ್ರೆ, ಸುತ್ತಲ ಡೈರಿಗಳ ಕೆಲ್ಸಾನೆಲ್ಲ ನಿಂಗೇ ಕೊಡುಸ್ತೀನಿ ಕಣವ್ವ. ಇಲ್ಲಾಂದ್ರೆ ಡಬ್ಬ ಮೈಸೂರಿಗೆ ಓಯ್ತದೆ,” ಎಂದ ಕಾರ್ಯದರ್ಶಿ ಶಿವಣ್ಣ.

ಪಾಂಡವಪುರದಲ್ಲಿ ರಿಪೇರಿ ಅಂಗಡಿ ತೆರೆದು ಮೂರು ತಿಂಗಳಾಗಿದ್ದ ಸುನಿತಾಗೆ ಅಷ್ಟು ದೊಡ್ಡ ಮಾತು ಕೇಳಿಬಂದದ್ದು ಅದೇ ಮೊದಲು.

“ಯಾವ್ದಾರ ಕಳ್ ಕೀ ಹಾಕಿ ಮುಗ್ಸ್‌ಬುಡು,” ಎಂದ ಶಿವಣ್ಣ.

“ಸ್ವಂತ ಮನೆಗೆ ಯಾಕಣ್ಣ ಕಳ್ ಕೀ? ಇದುಕ್ಕೆ ಬೊಟ್ಟಿಟ್ಟ ಪುಣ್ಯಾತ್ಮರು ಯಾರು, ಅದ್ ಯೋಳಿ.”

ಮೇಷ್ಟ್ರ ಪತ್ರಿಕೆ ಮೆಲ್ಲಗೆ ಮುಖದ ಮಟ್ಟಕ್ಕೆ ಏರಿತು. ಆರು ವರ್ಷಗಳಿಂದ ಡೈರಿಯ ಆಯುಧಪೂಜೆ ಮಾಡುತ್ತಿದ್ದವರು ಅವರೇ. ಚೀಟಿ ಹಣೆಯಂತೆ ಕಂಡು, ಪ್ರತಿವರ್ಷ ಅಲ್ಲಿಗೇ ಬೊಟ್ಟಿಟ್ಟಿದ್ದರು.

“ಅಗೋ, ಪೇಪರಿನ್ ಇಂದೆ ಅವಿತವ್ರೆ!” ಶಿವಣ್ಣ ನಕ್ಕ.

“ಬನ್ನಿ ಸಾ. ಇಂಥ ಕೀಗೆ ಕಂಪ್ನಿಯೋರು ಬಳ್ಸೋ ಅಂಕಿ, ಅಕ್ಷರ ಎಲ್ಲಾ ಸೇರಿ ಬರೀ ಇಪ್ಪತ್ತನಾಲ್ಕು ಥರ; ಅಳ್ಸೋಗಿರೋದು ಅದ್ರಾಗೇ ಒಂದು. ಒಂದೊಂದೇ ಕೂಗಿ, ನಾನ್ ಒತ್ತೀನಿ. ತಪ್ಪುಕಾಣಿಕೆ ಅನ್ಕೊಳಿ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತರಗತಿಯ ಹಾಜರಿ ಕೂಗುವಂತೆ ಆರಂಭಿಸಿದರು. ಎರಡು, ಮೂರು, ನಾಲ್ಕು... ಯಾರೂ ಹಾಜರಿಲ್ಲ. ಬಿ, ಸಿ, ಡಿ ಕೂಡ ಇಲ್ಲ. ಡೈರಿಗೆ ಹಾಲು ಹಾಕುವ ಚಲುವಮ್ಮ ಕ್ಯಾನು ಹಿಡಿದು ಬಾಗಿಲಿಗೆ ಬಂದೇಬಿಟ್ಟಳು.

“ಏನ್ ಮೇಷ್ಟ್ರೆ, ಮತ್ತೆ ಇಸ್ಕೂಲ್ ಸುರು ಆಯ್ತಾ?”

“ಸುಮ್ನಿರವ್ವ! ಎಕ್ಸ್!”

“ಹಾಜರ್ ಸಾ!” ಸುನಿತಾ ಕೂಗಿದಳು. ಪರದೆ ಮುಂದಕ್ಕೆ ಹೋಯಿತು. ಬಾಗಿಲಿಗೆ ಬಂದ ಆ ಒಂದು ಕ್ಯಾನನ್ನು ಲೆಕ್ಕಕ್ಕೆ ಹಿಡಿಯದೆ ಶಿವಣ್ಣ ಮಾತು ಉಳಿಸಿಕೊಂಡ.

ಈಗ ಕೆ.ಆರ್. ಪೇಟೆ, ನಾಗಮಂಗಲದ ಡೈರಿಗಳಿಗೂ ಸುನಿತಾಳೇ ಓಡಾಡುತ್ತಾಳೆ. ಆಯುಧಪೂಜೆಗೆ ಒಂದು ವಾರವಿರುವಾಗ ಸ್ಕೂಟರಿನಲ್ಲಿ ಹೊರಟು, ಪ್ರತಿ ಡಬ್ಬದ ಚೀಟಿಗೂ ಪಾರದರ್ಶಕ ಟೇಪು ಅಂಟಿಸಿ, ನೆತ್ತಿಯ ಮೇಲೊಂದು ಕೆಂಪು ಸುತ್ತು ಬರೆದು ಬರುತ್ತಾಳೆ. ಸುತ್ತಿನೊಳಗೆ, “ಬೊಟ್ಟು ಇಲ್ಲಿ.” ಅರಕೆರೆ ಬಳಿಯ ಡೈರಿಯಲ್ಲಿ ಮಾತ್ರ ಅಕ್ಷರ ತುಸು ದೊಡ್ಡದು: “ಬೊಟ್ಟು ಇಲ್ಲಿ, ಮೇಷ್ಟ್ರೇ.”