ಮುಚ್ಚಳದ ತೂತು

ದೋಹಾಕ್ಕೆ ಬಂದು ನನಗಿದು ನಾಲ್ಕನೇ ದಿನ. ಅಲ್ ಮುಂತಜಾದ ರಸ್ತೆಯಲ್ಲಿ ಭಾವನ ಹಳೆಯ ಕಾರು ಸ್ಟಾರ್ಟ್ ಆಗಿ ಎರಡೇ ನಿಮಿಷಕ್ಕೆ ನಿಂತುಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ತುಂಬು ಗರ್ಭಿಣಿ ಅಕ್ಕನಿಗೆ ನೋವು ಶುರುವಾಗಿತ್ತು.

ಎದುರಿನ ಗ್ಯಾರೇಜಿನಿಂದ ಭಾವನ ಪರಿಚಯದ ಮೆಕ್ಯಾನಿಕ್, ಉಳ್ಳಾಲದ ಹಮೀದಾಕ ಓಡಿಬಂದರು. ಬಾನೆಟ್ ಎತ್ತುತ್ತಾರೆ ಅಂದುಕೊಂಡರೆ, ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಬುಸ್ಸೆಂದು ಗಾಳಿ ಒಳನುಗ್ಗಿತು.

"ಮುಚ್ಚಳದ ತೂತಿಗೆ ಧೂಳು ಕೂತಿದೆ ಮಾರಾಯ್ರೆ. ಗಾಳಿ ಒಳಗೆ ಹೋಗದಿದ್ರೆ ಪೆಟ್ರೋಲ್ ಎಂಜಿನಿಗೆ ಬರುವುದು ಹೇಗೆ?"

ಮುಚ್ಚಳ ಸಡಿಲ ಬಿಟ್ಟು, "ಯಲ್ಲಾ, ಹೊರಡಿ" ಎಂದರು.

ಕಾರು ಎಲ್ಲೂ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಗಾಲಿಕುರ್ಚಿ ಹತ್ತಿದರೂ ಭಾವ ಎಂಜಿನ್ ಆರಿಸಲು ಹೆದರಿ ಸ್ಟೇರಿಂಗ್ ಹಿಡಿದೇ ಕೂತಿದ್ದರು.

ಅಕ್ಕ ನೋವಿನಲ್ಲೇ ಕೂಗಿದಳು: "ಇನ್ನಾದ್ರೂ ಆಫ್ ಮಾಡಿ ಇಳೀರಿ!"