ವಾಡಿಯ ಮನೆಯಲ್ಲಿ ಕಡಲ ನೀರು

ನನ್ನ ಮಾವನ ಬಲಗೈಯ ಮೇಲೆ ಮೊಣಕೈವರೆಗೆ ಸದಾ ಉಪ್ಪಿನ ಬಿಳಿ ಗೆರೆಗಳಿರುತ್ತಿದ್ದವು. ರೈಲ್ವೆ ಗಾರ್ಡ್ ಆಗಿದ್ದ ಅವರ ಅಂಗಿಯ ಆ ತೋಳು ಅತ್ತೆ ಎಷ್ಟು ಒಗೆದರೂ ಸೆಟೆದುಕೊಂಡೇ ಇರುತ್ತಿತ್ತು. ಕಾರಣ, ವಾಡಿಯ ರೈಲ್ವೆ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಅವರು ಕಟ್ಟಿಸಿದ್ದ ಸಿಮೆಂಟಿನ ತೊಟ್ಟಿ. ಒಂದು ಮಗ್ಗುಲಿಗೆ ದಪ್ಪ ಗಾಜು. ಒಳಗೆ ಮರಳು, ಕಡಲ ನೀರು. ನೀರು ಮದ್ರಾಸಿನಿಂದ ಕ್ಯಾನುಗಳಲ್ಲಿ ಬರುತ್ತಿತ್ತು. ಒಬ್ಬ ಗಾರ್ಡ್ ಇನ್ನೊಬ್ಬರಿಗೆ ದಾಟಿಸುತ್ತ ವಾಡಿಗೆ ಮುಟ್ಟಿಸುತ್ತಿದ್ದರು.

ಕೊಡ್ಲಿ ಎಂಬ ಹಳ್ಳಿಯಿಂದ ಸೊಸೆಯಾಗಿ ಬಂದ ನಾನು ಕಡಲು ಕಂಡವಳಲ್ಲ. ಮೆಟ್ರಿಕ್ ಮುಗಿಯುತ್ತಲೇ ಮದುವೆಯಾಗಿತ್ತು. ಬಾಯಿ ಬಿಡಲು ಅಂಜುತ್ತಿದ್ದ ನನ್ನನ್ನು ಮಾವ ಒಂದು ದಿನ ತೊಟ್ಟಿಯ ಮುಂದೆ ಕೂಡಿಸಿದರು. ಬಿಲದಿಂದ ಸಿಗಡಿಯೊಂದು ಮರಳು ನೂಕುತ್ತ ಹೊರಬಂತು. ಬಿಲದ ಬಾಯಲ್ಲಿ ಬೆರಳುದ್ದದ ಮೀನೊಂದು ಕೂತಿತ್ತು. ರಾಮೇಶ್ವರದ ಬೆಸ್ತರೊಬ್ಬರಿಂದ ತಂದ ಜೋಡಿಯಂತೆ.

"ನೋಡವಾ, ಸಿಗಡಿಗಿ ಕಣ್ಣು ಮಂದ. ಅದು ಬಿಲ ತೋಡ್ತದ, ಮೀನು ಕಾಯ್ತದ. ಅದರ ಮೀಸಿ ಮೀನಿನ ಮೈ ಬಿಡಂಗಿಲ್ಲ. ಮೀನು ಬಾಲ ಅಳ್ಳಾಡಿಸಿತಂದ್ರ ಎರಡೂ ಒಳಗ," ಎಂದರು.

ಅತ್ತೆಗೆ ಇದು ಹಿಡಿಸುತ್ತಿರಲಿಲ್ಲ. ಲಿಂಗ ಕಟ್ಟಿದವರ ಮನೆಯಲ್ಲಿ ಮೀನೇ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಮೀನಿಗೆ ಹಾಕುವ ಒಣಸಿಗಡಿ ಪುಡಿಯ ಡಬ್ಬಿ ಹೊರಗೆ ಬೇವಿನ ಗಿಡಕ್ಕೇ ಜೋತಿರಬೇಕಿತ್ತು. ಅತ್ತೆ ತೊಟ್ಟಿಯನ್ನು ಮುಟ್ಟಿದವರೇ ಅಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಮಾವ ರಾಯಚೂರಿನ ಗಾಡಿಯ ಮೇಲಿದ್ದರು. ನನ್ನ ಗಂಡ ಶಹಾಬಾದಿಗೆ ಕೆಲಸಕ್ಕೆ ಹೋಗಿದ್ದರು. ನೀರಿಗೆ ಗಾಳಿ ಊದುವ ಪಂಪು ನಿಂತಿತು. ಸ್ವಲ್ಪ ಹೊತ್ತಿಗೆ ಮೀನು ಬಿಲ ಬಿಟ್ಟು ಮೇಲೆ ಬಂದು ಬಾಯಿ ತೆರೆಯತೊಡಗಿತು. ಕೆಳಗೆ ಸಿಗಡಿ ಮೀಸೆ ಆಡಿಸುತ್ತ ಅದನ್ನು ಹುಡುಕುತ್ತಿತ್ತು. ನನಗೆ ತೋಚಿದ್ದು ಒಂದೇ: ಚರಿಗೆಯಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದೆ. ನಿಲ್ಲಿಸಿದರೆ ಮೀನು ಮತ್ತೆ ಮೇಲೆ ಬರುತ್ತಿತ್ತು. ರಟ್ಟೆ ಸೋತಾಗ ಅತ್ತೆ ಸೆರಗು ಬಿಗಿದು ಬಂದು ಚರಿಗೆ ಕಸಿದುಕೊಂಡರು.

"ನೀ ಕುಂದ್ರವಾ. ಅವರು ಬಂದು ಕೇಳಿದ್ರ ನಾ ಏನಂತ ಹೇಳಲಿ?"

ಸರದಿಯ ಮೇಲೆ ಸುರಿದೆವು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಮೀನು ಮೆಲ್ಲಗೆ ಬಿಲಕ್ಕೆ ಇಳಿಯಿತು.

ಮರುದಿನ ಬಂದ ಮಾವ ಮೀನು ಏನು ಮಾಡಿತು, ಸಿಗಡಿ ಏನು ಮಾಡಿತು ಎಂದು ಬಿಡಿಸಿ ಬಿಡಿಸಿ ಕೇಳಿದರು. ನಾನು ಅಂಜದೆ ಹೇಳಿದೆ. ಆ ಮನೆಯಲ್ಲಿ ಅಷ್ಟು ಮಾತು ಆಡಿದ್ದು ಅದೇ ಮೊದಲು. ಅವರು ಅತ್ತೆಯ ಕಡೆ ತಿರುಗಿ, "ಇಕಿಗಿ ಕಲಬುರ್ಗಿ ಕಾಲೇಜಿಗಿ ಹಚ್ಚೋಣ," ಎಂದರು.

ಸೊಸೆಯನ್ನು ಓದಿಸುವುದೇ ಎಂದು ಕೆಲವು ಬಂಧುಗಳು ಮಾತು ಬಿಟ್ಟರು. ಮಾವ ಸೀಸನ್ ಟಿಕೆಟ್ ಮಾಡಿಸಿ, ಮೊದಮೊದಲು ತಾವೇ ಜೊತೆಗೆ ಬಂದರು. ಆದರೆ ಕಾಲೇಜಿನ ಗೇಟು ದಾಟುತ್ತಿರಲಿಲ್ಲ. ಮುಂದಿನದು ನೀನೇ ನಡೆಯಬೇಕು ಎನ್ನುತ್ತಿದ್ದರು.

ನಾನು ಸೇಡಂನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದ ಕೆಲವು ವರ್ಷಕ್ಕೆ ಮಾವ ತೀರಿಕೊಂಡರು. ಅವರನ್ನು ಮಣ್ಣು ಮಾಡುವ ದಿನ ರಾಯಚೂರು ಸ್ಟೇಷನ್ನಿನ ಚಹಾದವನೊಬ್ಬ ಬಂದಿದ್ದ. ನಮ್ಮಲ್ಲಿ ಯಾರೂ ಅವನನ್ನು ಕಂಡಿರಲಿಲ್ಲ. ಹೆಂಗಸರು ಕೂತಲ್ಲಿಗೆ ಬಂದು ಹಿಂಜರಿಯುತ್ತ, "ಟೀಚರ್ ಸೊಸಿ ಯಾರ್ರಿ? ಸಾಹೇಬರು ಬಂದಾಗೊಮ್ಮಿ ಅವರ ಸುದ್ದಿನೇ ಹೇಳ್ತಿದ್ರು," ಎಂದ.

ಅತ್ತೆ ಅಳುತ್ತಲೇ ನನ್ನ ಕೈ ಹಿಡಿದು ಎಬ್ಬಿಸಿ, ಅವನ ಮುಂದೆ ನಿಲ್ಲಿಸಿದರು.