ಡಿ.ಡಿ.ಟಿ. ಬರೆದಿದ್ದ ಗೋಡೆ

ನಾನು ಬಳ್ಳಾರಿಯಲ್ಲಿ ಪುರಾತತ್ವ ಸಹಾಯಕನಾಗಿದ್ದೆ, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕುರುಗೋಡಿನ ಸಂರಕ್ಷಿತ ಗುಡಿಯೊಂದರ ಮಗ್ಗುಲಲ್ಲಿ ಈರಮ್ಮನವರ ಮಣ್ಣಿನ ಮಾಳಿಗೆ ಮನೆ. ತೊಲೆ ಮುರಿದಿತ್ತು. ಅವರು ನೆರೆಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ಗುಡಿಯಿಂದ ನೂರು ಮೀಟರಿನೊಳಗೆ ದುರಸ್ತಿಗೆ ನಮ್ಮ ಇಲಾಖೆಯ ಅನುಮತಿ ಬೇಕು, ಅದಕ್ಕೆ ಕಾಯ್ದೆಯಂತೆ ಮನೆ 1992ಕ್ಕಿಂತ ಹಳೆಯದೆಂದು ತೋರಿಸಬೇಕು. ಅವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಮನೆ ಹಳೆಯದೆಂದು ಊರಿಗೆಲ್ಲ ಗೊತ್ತು, ಫೈಲಿಗೆ ಗೊತ್ತಿಲ್ಲ.

ಪರಿಶೀಲನೆಗೆ ಹೋದಾಗ ಜೋಳದ ಚೀಲಗಳ ಹಿಂದಿನ ಗೋಡೆಯ ಮೇಲೆ ಕೆಮ್ಮಣ್ಣಿನ ಬರಹ ಕಂಡಿತು: ಡಿ.ಡಿ.ಟಿ., ಕೆಳಗೆ 1986ರ ತಾರೀಖು. ಮಲೇರಿಯಾ ಔಷಧಿ ಹೊಡೆಯುವವರು ಹಿಂದೆ ಹಾಗೆ ಬರೆದು ಹೋಗುತ್ತಿದ್ದರು. ಇಂಥ ಗುರುತಿಗೆ ನಮ್ಮಲ್ಲಿ ‘ಟರ್ಮಿನಸ್ ಆಂಟೆ ಕ್ವೆಮ್’ ಎಂಬ ಲ್ಯಾಟಿನ್ ಹೆಸರಿದೆ. ಅಂದರೆ ಕಾಲದ ಈಚಿನ ಗಡಿ. ಗೋಡೆ ಯಾವಾಗ ಕಟ್ಟಿದ್ದೋ ತಿಳಿಯದು, ಆದರೆ ಬರಹ ಬಿದ್ದ ದಿನ ಅದು ಇರಲೇಬೇಕಲ್ಲ! ನಾನು ಉಬ್ಬಿಹೋದೆ.

ಬಳ್ಳಾರಿಯ ಗಾಂಧಿನಗರದ ನಮ್ಮ ಕಚೇರಿಯಲ್ಲಿ ಮೇಲಧಿಕಾರಿಗೆ ಅರ್ಧ ಗಂಟೆ ಇದನ್ನೇ ವಿವರಿಸಿದೆ.

“ನಿಮ್ಮ ಲ್ಯಾಟಿನ್ ಬ್ಯಾಡ್ರಿ, ಗೋಡಿ ತೋರಸ್ರಿ,” ಎಂದರು ಅವರು. ಬುಧವಾರ ಬರಲು ಒಪ್ಪಿದರು.

ಈರಮ್ಮನವರಿಗೆ ಫೋನ್ ಮಾಡಿದೆ. “ಬುಧವಾರ ಸಾಹೇಬ್ರು ನಿಮ್ಮ ಗೋಡಿ ನೋಡಾಕ ಬರ್ತಾರ, ತಯಾರಿರ್ರಿ.” ಇಷ್ಟೇ ಹೇಳಿದ್ದು.

ಬುಧವಾರ ಬಾಗಿಲಲ್ಲೇ ಹಸಿ ಸುಣ್ಣದ ವಾಸನೆ ಹೊಡೆಯಿತು. ಚೀಲಗಳು ಅಂಗಳದಲ್ಲಿದ್ದವು. ಒಳಗಿನ ಗೋಡೆಗಳೆಲ್ಲ ಬೆಳ್ಳಗೆ.

“ದೊಡ್ಡವ್ರು ನೋಡಾಕ ಬರ್ತಾರಂದ್ರಿ. ಹೊಲಸ ಗೋಡಿ ಹೆಂಗ ತೋರಸ್ಲಿ? ಎಲ್ಲಾ ಕೆರದು ಎರಡ ಸಲ ಸುಣ್ಣಾ ಹಚ್ಚೀನ್ರಿ,” ಎಂದರು ಈರಮ್ಮ, ಹೆಮ್ಮೆಯಿಂದ.

ಒದ್ದೆ ಬಟ್ಟೆಯಿಂದ ತಿಕ್ಕಿದೆ. ಸುಣ್ಣದ ಕೆಳಗೆ ಬರೀ ಮಣ್ಣು. ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಈರಮ್ಮನವರ ಮೇಲಲ್ಲ, ಕಿಸೆಯಲ್ಲಿ ಮೊಬೈಲ್ ಇದ್ದರೂ, ಹೇಗೂ ಮೇಲಿನವರು ಬಂದು ನೋಡುತ್ತಾರಲ್ಲ ಎಂದು ಫೋಟೊ ತೆಗೆಯದ ನನ್ನಂಥ ಮಹಾಪಂಡಿತನ ಮೇಲೆ. ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದದ್ದು ಲೆಕ್ಕಕ್ಕೆ ಬರಲಿಲ್ಲ. ಮೇಲಧಿಕಾರಿ ‘ಪುರಾವೆ ಕಂಡುಬಂದಿಲ್ಲ’ ಎಂದು ಬರೆದರು. ಅವರದೂ ತಪ್ಪಲ್ಲ. ಅನುಮತಿ ಸಿಗಲಿಲ್ಲ.

ಜೀಪು ಹತ್ತುವಾಗ ಈರಮ್ಮ ಕೇಳಿದರು: “ಯಾಕ್ರಿ, ಸುಣ್ಣಾ ಚಲೋ ಆಗಿಲ್ಲೇನ್ರಿ?”

ಉಳಿದ ಎರಡು ವರ್ಷ ಕಂಡದ್ದನ್ನೆಲ್ಲ ಫೋಟೊ ತೆಗೆದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು? ಆದರೆ ಕೆಲಸ ಕಲಿಸಿದ ಪಾಠ ಫೋಟೊದ್ದಲ್ಲ. ಸಾಕ್ಷಿ ಯಾವುದೆಂದು ಮೊದಲು ತಿಳಿಯಬೇಕಾದವರು ಆ ಮನೆಯವರು. ಸಾಹೇಬರಿಗೆ ಅರ್ಧ ಗಂಟೆ ಕೊರೆದದ್ದನ್ನು ಈರಮ್ಮನವರಿಗೆ ಮೂರೇ ಮಾತಿನಲ್ಲಿ ಹೇಳಬಹುದಿತ್ತು: “ಆ ಬರಹ ಮುಟ್ಟಬ್ಯಾಡ್ರಿ.”